ಉಜ್ಜೀವನ ಬಂದ ಮೇಲೆ ಏನಾಯ್ತು?

ಯೆಶಾಯ 58ನೇ ಅಧ್ಯಾಯ ತೆರೆದಿಟ್ಕೊಳ್ಳಿ. ಜನ ಉಪವಾಸ ಮಾಡ್ತಿದ್ದಾರೆ, ದೇವರು ಮೆಚ್ತಾ ಇಲ್ಲ. ನೊಗ ಮುರಿಯುವ ಉಪವಾಸ ಎಲ್ಲಿ ಅಂತ ಕೇಳ್ತಾ ಇದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಸ್ವಲ್ಪ ಸಭಾ ಚರಿತ್ರೆ ನೋಡೋಣ.

ಪ್ರಸಂಗ ಮುಗಿದ ಮೇಲೆ "ಮುಂದೆ ಬನ್ನಿ" ಅಂತ ಕರೀತೀವಲ್ಲ, ಅದು ಎಲ್ಲಿಂದ ಬಂತು ಪಾಸ್ಟರ್ ಅಂತ ಒಬ್ಬ ತಮ್ಮ ಕೇಳಿದ. ಒಳ್ಳೆ ಪ್ರಶ್ನೆ. ಆ ರೂಢಿಯನ್ನು ಊರೂರಿಗೆ ಹಬ್ಬಿಸಿದವರಲ್ಲಿ ಮುಖ್ಯರಾದವರು ಅಮೆರಿಕದ ಚಾರ್ಲ್ಸ್ ಫಿನ್ನಿ. ವಕೀಲಿ ಕೆಲಸದಲ್ಲಿದ್ದವರು, 1821ರಲ್ಲಿ ರಕ್ಷಣೆ ಹೊಂದಿದರು. 1830ರ ಸೆಪ್ಟೆಂಬರಿನಲ್ಲಿ ರಾಚೆಸ್ಟರ್‌ಗೆ ಹೋದರು. ಹೊಸದಾಗಿ ಕಾಲುವೆ ಬಂದು, ಹಿಟ್ಟಿನ ಗಿರಣಿಗಳು ಎದ್ದು, ದುಡ್ಡು ಹರಿದಾಡ್ತಿದ್ದ ಊರು ಅದು. ಸುಮಾರು ಆರು ತಿಂಗಳು ಕೂಟಗಳು ನಡೆದವು. ಪಾಪದ ಭಾರ ಅನ್ನಿಸಿದವರು ಎದ್ದು ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕಿತ್ತು. ವಕೀಲರು, ವ್ಯಾಪಾರಿಗಳು ಬಂದು ಕೂತರು. ಕೆಲವು ಅಂಗಡಿಯವರು ಮದ್ಯದ ಪೀಪಾಯಿಗಳನ್ನು ಬೀದಿಗೆ ಉರುಳಿಸಿ ಒಡೆದರು.

ಇಲ್ಲಿಯವರೆಗೆ ನಾನು ಬೈಬಲ್ ಕಾಲೇಜಿನಲ್ಲೇ ಕೇಳಿದ್ದೆ. ಮುಂದಿನ ಕಥೆಯನ್ನು ಯಾರೂ ಹೇಳಿರಲಿಲ್ಲ.

ಫಿನ್ನಿಯವರ ಸೇವೆಯಲ್ಲಿ ಬದಲಾದ ಒಬ್ಬ ಯೌವನಸ್ಥ ಥಿಯೋಡೋರ್ ವೆಲ್ಡ್. ಸಿನ್ಸಿನಾಟಿಯ ಲೇನ್ ಸೆಮಿನರಿಗೆ ಓದೋದಕ್ಕೆ ಹೋದ. ಊರಿನ ಪಕ್ಕ ಒಹಾಯೊ ನದಿ. ನದಿಯ ಆಚೆ ದಡದ ಕೆಂಟಕಿಯಲ್ಲಿ ಮನುಷ್ಯರನ್ನೇ ಕೊಂಡು ಮಾರುವ ಕಾನೂನು. 1834ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು 18 ಸಂಜೆ ಕೂತು, ದಾಸತ್ವ ಪಾಪವೋ ಅಲ್ಲವೋ ಅಂತ ಚರ್ಚೆ ಮಾಡಿದರು. ಅವರಲ್ಲಿ ದಾಸರನ್ನಿಟ್ಟುಕೊಂಡ ಮನೆಗಳ ಮಕ್ಕಳೂ ಇದ್ದರು. ಜೇಮ್ಸ್ ಬ್ರ್ಯಾಡ್ಲಿ ಅಂತ ಒಬ್ಬ ಸಹೋದರ ಎದ್ದು ನಿಂತ. ಚಿಕ್ಕವನಿದ್ದಾಗ ಆಫ್ರಿಕಾದಿಂದ ಕದ್ದು ತರಲ್ಪಟ್ಟವನು, ತನ್ನ ಬಿಡುಗಡೆಯನ್ನು ತಾನೇ ದುಡಿದ ಹಣ ಕೊಟ್ಟು ಕೊಂಡವನು. ಅವನ ಸಾಕ್ಷಿಯ ಮುಂದೆ ವಾದಕ್ಕೆ ಏನು ಉಳಿಯಿತು, ಹೇಳಿ.

ಚರ್ಚೆ ಮುಗಿಸಿ ಅವರು ಮಲಗಲಿಲ್ಲ. ಊರಿನ ಕಪ್ಪು ಜನರಿಗೆ ಓದು ಕಲಿಸೋದಕ್ಕೆ ಹೊರಟರು. ಅದೇ ತೊಂದರೆ ಆಯ್ತು. ಆಡಳಿತ ಮಂಡಳಿ ಈ ವಿಷಯ ಮಾತಾಡಕೂಡದು ಅಂತ ನಿಷೇಧ ಹಾಕಿತು. ಬಹುಪಾಲು ವಿದ್ಯಾರ್ಥಿಗಳು ಕಾಲೇಜೇ ಬಿಟ್ಟರು. ನಿಮ್ಮ ವಯಸ್ಸಿನವರೇ, ಪ್ರಿಯರೇ. ಅವರಲ್ಲಿ ಹಲವರು ಓಬರ್ಲಿನ್ ಅನ್ನುವ ಬಡ ಕಾಲೇಜಿಗೆ ಬಂದರು. ಕಪ್ಪು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕು ಅನ್ನೋದು ಷರತ್ತು. 1835ರಲ್ಲಿ ಅಲ್ಲಿನ ಮಂಡಳಿಯ ಮತ ಸಮವಾಗಿ, ಅಧ್ಯಕ್ಷರ ಒಂದು ಮತದಿಂದ ಅದು ಪಾಸಾಯ್ತು. ಫಿನ್ನಿಯವರೂ ಅಲ್ಲಿಗೆ ಉಪದೇಶಕರಾಗಿ ಬಂದರು.

ಫಿನ್ನಿಯವರನ್ನು ಹೊಗಳಿ ಮುಗಿಸಿಬಿಡಬಹುದು. ಆದರೆ ಸತ್ಯ ಹೇಳಬೇಕು. ದಾಸರ ಯಜಮಾನರಿಗೆ ಕರ್ತನ ಭೋಜನ ಕೊಡೋದಿಲ್ಲ ಅಂದವರು ಅವರೇ. ತಮ್ಮ ನ್ಯೂಯಾರ್ಕ್ ಸಭೆಯಲ್ಲಿ ಕಪ್ಪು ವಿಶ್ವಾಸಿಗಳನ್ನು ಬೇರೆ ಕೂರಿಸಿದವರೂ ಅವರೇ. ಮೊದಲು ಉಜ್ಜೀವನ, ದಾಸತ್ವದ ವಿಷಯ ಅದರ ಹಿಂದೆ ಬರಲಿ ಅಂದರು. ಈ ಮಾತು ಓದಿದಾಗ ನನಗೆ ಚುಚ್ಚಿತು, ಯಾಕಂದ್ರೆ ಇದೇ ಮಾತನ್ನು ಬೇರೆ ವಿಷಯಗಳಲ್ಲಿ ನಾನೂ ಹೇಳಿದ್ದೇನೆ.

ದಕ್ಷಿಣದಲ್ಲೂ ಉಜ್ಜೀವನ ಕೂಟಗಳಿದ್ದವು, ಕಣ್ಣೀರೂ ಇತ್ತು. ಆದರೂ ಈ ಒಂದು ವಿಷಯಕ್ಕೇ 1844ರಲ್ಲಿ ಮೆಥಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಉತ್ತರ, ದಕ್ಷಿಣ ಅಂತ ಒಡೆದರು. ದಕ್ಷಿಣದ ಬ್ಯಾಪ್ಟಿಸ್ಟ್ ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ. ಲೆಕ್ಕ ಹಾಕಿ, 150 ವರ್ಷ.

ಬೈಬಲ್ ಮಾತ್ರ ಒಂದೇ. ಪೌಲನು ಒನೇಸಿಮನನ್ನು ವಾಪಸ್ ಕಳಿಸಿದನಲ್ಲ ಅಂತ ಯಜಮಾನರು ಫಿಲೆಮೋನನಿಗೆ ಬರೆದ ಪತ್ರಿಕೆ ತೋರಿಸುತ್ತಿದ್ದರು. ಇವರು ಧರ್ಮೋಪದೇಶಕಾಂಡ 23:15 ತೋರಿಸುತ್ತಿದ್ದರು: ಓಡಿಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬಾರದು. 1850ರ ದೇಶದ ಕಾನೂನು ಒಪ್ಪಿಸಲೇಬೇಕು ಅಂದಿತು. 1858ರಲ್ಲಿ ಜಾನ್ ಪ್ರೈಸ್ ಎಂಬ ಓಡಿಬಂದ ಯುವಕನನ್ನು ಓಬರ್ಲಿನ್‌ನಲ್ಲಿ ಹಿಡಿದಾಗ, ಊರಿನವರು ಪಕ್ಕದ ವೆಲಿಂಗ್ಟನ್‌ವರೆಗೂ ಹೋಗಿ ಬಿಡಿಸಿಕೊಂಡು ಬಂದು, ಕೆನಡಾಕ್ಕೆ ಕಳಿಸಿದರು. 37 ಜನರ ಮೇಲೆ ಕೇಸು ಬಿತ್ತು. ಹಲವರು ಜೈಲಿನಲ್ಲಿ ಕೂತರು.

ಮುಂದಿನ ಭಾನುವಾರ ಫಿಲೆಮೋನನ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. 25 ವಚನ ಅಷ್ಟೇ. 16ನೇ ವಚನದ ಹತ್ತಿರ ಸ್ವಲ್ಪ ನಿಧಾನವಾಗಿ ಓದಿಕೊಂಡು ಬನ್ನಿ. ಈಗ ಪ್ರಾರ್ಥನೆಗೆ ಎದ್ದು ನಿಲ್ಲೋಣ.