ಕಳ್ಳರ ಕಥೆಯೂ ಏಳನೆಯ ಆಜ್ಞೆಯೂ

ಓದಿಕೊಳ್ಳಿ: ಸಂತ ಲೂಕನ ಶುಭಸಂದೇಶ 19:1-10



ಹದಿಹರೆಯದ ಮಗಳು ಊಟ ಮರೆತು ಓದುತ್ತಿರುವ ಕಾದಂಬರಿಯ ನಾಯಕರು ಕಳ್ಳರು ಎಂದು ತಿಳಿದರೆ ನಾವೇನು ಮಾಡುತ್ತೇವೆ? ಪುಸ್ತಕ ಕಸಿದುಕೊಳ್ಳುತ್ತೇವೆಯೇ, ಇಲ್ಲವೆ ಪಕ್ಕದಲ್ಲಿ ಕುಳಿತು ಮಾತನಾಡುತ್ತೇವೆಯೇ?

ಅಮೆರಿಕದ ಲೇಖಕಿ ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ (2015) ಅಂಥದೊಂದು ಪುಸ್ತಕ. ಕೆಟರ್‌ಡ್ಯಾಮ್ ಎಂಬ ಕಲ್ಪಿತ ಬಂದರು ನಗರದಲ್ಲಿ ವ್ಯಾಪಾರವೇ ದೇವರು. ಅಲ್ಲಿನ ಗಣ್ಯ ವ್ಯಾಪಾರಿ ವಾನ್ ಎಕ್, ಕಾಜ್ ಬ್ರೆಕರ್ ಎಂಬ ತರುಣನಿಗೆ ಮೂರು ಕೋಟಿ ನಾಣ್ಯಗಳ ಆಸೆ ತೋರಿಸುತ್ತಾನೆ. ಹಿಮನಾಡಿನ ಕೋಟೆಯಲ್ಲಿರುವ ವಿಜ್ಞಾನಿಯನ್ನು ಹೊರತರಬೇಕು. ಅವನು ಕಂಡುಹಿಡಿದ ಔಷಧ ಲೋಕಕ್ಕೇ ಅಪಾಯ. ಕಾಜ್ ಐವರನ್ನು ಕೂಡಿಕೊಂಡು ಹೊರಡುತ್ತಾನೆ. ಕಥೆಯಲ್ಲಿ ಹಿಂಸೆ ಬಹಳವಿದೆ. ಚಿಕ್ಕ ಮಕ್ಕಳಿಗೆ ಇದು ತಕ್ಕದ್ದಲ್ಲ.

ಉದ್ದೇಶ ಒಳ್ಳೆಯದಾದರೆ ಸಾಕೇ?

ಬಾಲ್ಯದಲ್ಲಿ ಒಬ್ಬ ವಂಚಕ ಕಾಜ್‌ನನ್ನೂ ಅವನ ಅಣ್ಣನನ್ನೂ ಬೀದಿಪಾಲು ಮಾಡಿದ. ಅಣ್ಣ ಸಾಂಕ್ರಾಮಿಕ ರೋಗದಿಂದ ಸತ್ತ. ಆ ಸೇಡು ಕಾಜ್‌ನ ಎದೆಯಲ್ಲಿದೆ. ಓದುವ ಮಕ್ಕಳು ಅವನಿಗಾಗಿ ಮರುಗುತ್ತಾರೆ. ಮರುಗಲಿ, ಅದು ಕರುಣೆ. ಆದರೆ ನೊಂದವನು ಮಾಡಿದ್ದೆಲ್ಲ ಸರಿ ಎನ್ನಲಾಗದು. ಒಳ್ಳೆಯ ಉದ್ದೇಶವು ಕೆಟ್ಟ ಕೃತ್ಯವನ್ನು ಒಳ್ಳೆಯದನ್ನಾಗಿಸದು ಎಂದು ಧರ್ಮಸಭೆ ಬೋಧಿಸುತ್ತದೆ.

ಮನುಷ್ಯರನ್ನೇ ಕದಿಯುವವರು

ತಂಡದ ಇನೆಜ್ ಎಂಬ ಹುಡುಗಿಯನ್ನು ಗುಲಾಮರ ವ್ಯಾಪಾರಿಗಳು ತಂದೆತಾಯಿಯರಿಂದ ಅಪಹರಿಸಿ ವೇಶ್ಯಾಗೃಹಕ್ಕೆ ಮಾರಿದ್ದರು. ಆದರೂ ಅವಳು ಪ್ರಾರ್ಥನೆ ಬಿಡಲಿಲ್ಲ. ‘ಕದಿಯಬೇಡ’ ಎಂದರೆ ಹಣ, ಒಡವೆ ಮಾತ್ರ ನಮಗೆ ನೆನಪಾಗುತ್ತದೆ. ಮನುಷ್ಯರನ್ನು ಗುಲಾಮರನ್ನಾಗಿಸಿ ಸರಕಿನಂತೆ ಕೊಂಡು ಮಾರುವುದನ್ನೂ ಕಥೋಲಿಕ ಧರ್ಮೋಪದೇಶ ಗ್ರಂಥವು (2414) ಇದೇ ಏಳನೆಯ ಆಜ್ಞೆಯಡಿ ಖಂಡಿಸುತ್ತದೆ.

ಇದು ಬರೀ ಕಟ್ಟುಕಥೆಯಲ್ಲ. ಸುಡಾನಿನ ಸಂತ ಜೋಸೆಫೀನ್ ಬಖಿತಾ ಬಾಲ್ಯದಲ್ಲೇ ಅಪಹೃತಳಾಗಿ ಹಲವು ಬಾರಿ ಮಾರಾಟವಾದಳು. ಇಟಲಿಯಲ್ಲಿ ಬಿಡುಗಡೆ ಹೊಂದಿ, 1890ರಲ್ಲಿ ಸ್ನಾನದೀಕ್ಷೆ ಪಡೆದು, ಮುಂದೆ ಕನ್ಯಾಸ್ತ್ರೀಯಾದಳು. ಅವಳ ಹಬ್ಬದ ದಿನವಾದ ಫೆಬ್ರವರಿ 8ರಂದು ಧರ್ಮಸಭೆಯು 2015ರಿಂದ ಮಾನವ ಸಾಗಣೆಯ ವಿರುದ್ಧ ಪ್ರಾರ್ಥಿಸುತ್ತಿದೆ.

ಕೊನೆಗೆ ವಾನ್ ಎಕ್ ಮಾತಿಗೆ ತಪ್ಪುತ್ತಾನೆ. ಅವನಿಗೆ ಸಮಾಜದಲ್ಲಿ ಮರ್ಯಾದೆಯಿದೆ, ಬಾಯಲ್ಲಿ ದೇವರ ಹೆಸರಿದೆ. ಆದರೂ ಅವನೇ ದೊಡ್ಡ ಕಳ್ಳ. ಇನೆಜ್ ಮಾತ್ರ ತನ್ನ ಪಾಲಿನಿಂದ ಹಡಗು ಕೊಂಡು ಗುಲಾಮರ ವ್ಯಾಪಾರಿಗಳನ್ನು ಬೇಟೆಯಾಡುವ ಕನಸು ಕಾಣುತ್ತಾಳೆ. ಜಕ್ಕಾಯನಾದರೋ ಇನ್ನೂ ಮುಂದೆ ಹೋದ: ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ.

ಮನೆಯವರೆಲ್ಲ ಕೂಡಿ ಚರ್ಚಿಸಿರಿ

1. ಇನೆಜ್‌ಳ ಕನಸು ಒಳ್ಳೆಯದು. ಅದಕ್ಕೆ ಹಣ ಕೂಡಿಸಿದ ದಾರಿ ಒಳ್ಳೆಯದೇ?
2. ಕೆಲಸದವರ ಕೂಲಿಯನ್ನು ತಡೆಹಿಡಿದಿದ್ದೇವೆಯೇ? ಸಾಲ ಮರೆತಿದ್ದೇವೆಯೇ?
3. ಈ ವಾರ ನಾವು ಯಾರಿಗೆ ಏನನ್ನು ಹಿಂದಿರುಗಿಸಬೇಕು?

ಪ್ರಾರ್ಥನೆ: ಪ್ರಭುವೇ, ಜಕ್ಕಾಯನ ಮನೆಗೆ ಬಂದಂತೆ ನಮ್ಮ ಮನೆಗೂ ಬಾ. ನಮ್ಮದಲ್ಲದ್ದನ್ನು ಹಿಂದಿರುಗಿಸುವ ಧೈರ್ಯವನ್ನು ನಮಗೆ ಕೊಡು. ಆಮೆನ್.