ತೋಟದ ರಸ್ತೆ: ಮೊದಲು ಮಣ್ಣಿನ ಲೆಕ್ಕ, ಆಮೇಲೆ ಯಂತ್ರ

ಮಳೆ ನಿಂತು ನೆಲ ಒಣಗಿದೊಡನೆ ತೋಟದ ಮೇಲ್ಭಾಗಕ್ಕೆ ರಸ್ತೆ ಮಾಡಿಸುವ ಯೋಚನೆ ಅನೇಕ ಸದಸ್ಯರಿಗೆ ಬರುತ್ತದೆ. ತಕರಾರು ಹುಟ್ಟುವುದು ಕೆಲಸ ಮುಗಿದ ಮೇಲೆ. ಗುಡ್ಡ ಕಡಿದಾದ ನಂತರ ಮೊದಲಿನ ನೆಲ ಎಲ್ಲಿತ್ತೆಂದು ತೋರಿಸಲು ಸಾಕ್ಷಿಯೇ ಉಳಿಯುವುದಿಲ್ಲ. ಗುತ್ತಿಗೆದಾರ ಹೇಳಿದ್ದೇ ಲೆಕ್ಕವಾಗುತ್ತದೆ. ಆದುದರಿಂದ ಯಂತ್ರ ಬರುವ ಮೊದಲೇ ಅಳೆದಿಡಬೇಕು. ಇದಕ್ಕೆ 10 ಅಡಿಯ ನೇರ ಕೋಲು, ರಸಮಟ್ಟ ಮತ್ತು ಟೇಪು ಸಾಕು.

1. ಇಳಿತ ಅಳೆಯುವುದು: ರಸ್ತೆಯ ಸಾಲಿನಲ್ಲಿ 50 ಅಡಿಗೊಂದು ಗೂಟ ಹೊಡೆಯಿರಿ. ತಿರುವುಗಳಲ್ಲಿ ಇನ್ನೂ ಹತ್ತಿರ ಇರಲಿ. ಪ್ರತಿ ಗೂಟದ ಬಳಿ ಕೋಲನ್ನು ರಸ್ತೆಗೆ ಅಡ್ಡಲಾಗಿ ಹಿಡಿದು, ಒಂದು ತುದಿಯನ್ನು ಮೇಲುಬದಿಯ ನೆಲಕ್ಕೆ ತಾಗಿಸಿ ಮಟ್ಟ ಮಾಡಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ನೇರವಾಗಿ ಎಷ್ಟು ಅಡಿಯೋ ಅದೇ ಇಳಿತ.

2. ಕಡಿತದ ವಿಸ್ತೀರ್ಣ: 10 ಅಡಿ ಅಗಲವನ್ನು ಪೂರ್ತಿ ಗುಡ್ಡ ಕಡಿದೇ ಮಾಡಿ, ಬರೆಯನ್ನು 2 ಅಡಿ ಎತ್ತರಕ್ಕೆ 1 ಅಡಿಯಂತೆ ಹಿಂದಕ್ಕೆ ಓರೆ ಬಿಟ್ಟರೆ, ಸುಮಾರಾಗಿ:

ಇಳಿತ 2 ಅಡಿ – 11 ಚದರಡಿ
ಇಳಿತ 3 ಅಡಿ – 18 ಚದರಡಿ
ಇಳಿತ 4 ಅಡಿ – 25 ಚದರಡಿ
ಇಳಿತ 5 ಅಡಿ – 33 ಚದರಡಿ

3. ಗಾತ್ರ: ಅಕ್ಕಪಕ್ಕದ ಎರಡು ಗೂಟಗಳ ವಿಸ್ತೀರ್ಣ ಕೂಡಿಸಿ, ಅರ್ಧ ಮಾಡಿ, ನಡುವಿನ ದೂರದಿಂದ ಗುಣಿಸಿರಿ. ಮೂರು ಗೂಟಗಳಲ್ಲಿ ಇಳಿತ 3, 4, 5 ಅಡಿ ಇದ್ದರೆ ಮೊದಲ 50 ಅಡಿಗೆ 1,075 ಘನ ಅಡಿ, ಮುಂದಿನ 50 ಅಡಿಗೆ 1,450; ಒಟ್ಟು 2,525. ಯೂನಿಟ್‌ಗೆ 100 ಘನ ಅಡಿಯಂತೆ ಸುಮಾರು 25 ಯೂನಿಟ್.

ಅಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲು ಭಾಗ ಉಬ್ಬುತ್ತದೆ. ಈ 25 ಯೂನಿಟ್ ಟಿಪ್ಪರಿನಲ್ಲಿ 31 ಆಗಿ ಕಾಣುತ್ತದೆ. ದರ ನೆಲದ ಅಳತೆಗೋ, ಲೋಡಿನ ಅಳತೆಗೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೂ, ಎಷ್ಟು ಗಂಟೆಗೆ ಎಷ್ಟು ಮಣ್ಣು ಎಂದು ತಾಳೆ ನೋಡಲು ಈ ಲೆಕ್ಕ ಬೇಕು.

"ಇನ್ನೆರಡು ಅಡಿ ಅಗಲವಿರಲಿ" ಎನ್ನುವ ಮುನ್ನ ಯೋಚಿಸಿರಿ. ಇಳಿತ 4 ಇರುವಲ್ಲಿ 12 ಅಡಿ ರಸ್ತೆಗೆ 25ರ ಬದಲು 36 ಚದರಡಿ ಕಡಿಯಬೇಕಾಗುತ್ತದೆ. ಅಗಲ ಐದನೆಯ ಒಂದು ಪಾಲು ಹೆಚ್ಚಿದರೆ ಮಣ್ಣು ಹೆಚ್ಚುಕಡಿಮೆ ಒಂದೂವರೆ ಪಾಲಾಗುತ್ತದೆ. ಬರೆಯೂ ಅಷ್ಟು ಎತ್ತರವಾಗುತ್ತದೆ. ಆ ಮಣ್ಣನ್ನು ಕೆಳಗಿನ ಗಿಡಗಳ ಮೇಲಾಗಲಿ ಹಳ್ಳಕ್ಕಾಗಲಿ ತಳ್ಳಬಾರದು; ಹಾಕುವ ಜಾಗವನ್ನೂ ಮೊದಲೇ ಗುರುತಿಸಿರಬೇಕು. ಇಳಿಜಾರಿನ ಮೈ ಕೆಡಿಸಿದರೆ ಏನಾಗಬಹುದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ.

ಅಳತೆಯ ಪಟ್ಟಿಯನ್ನು ಎರಡು ಪ್ರತಿ ಬರೆದು, ಇಬ್ಬರೂ ರುಜು ಹಾಕಿ, ಒಂದೊಂದನ್ನು ಇಟ್ಟುಕೊಳ್ಳಿರಿ. ಆಮೇಲೆ ಯಂತ್ರ ಇಳಿಯಲಿ.