ಕರಾರು, ಲಕೋಟೆ, ಮುಖ್ತಿಯಾರಿ: ಜಾಲಸೇವೆಯ ಪರಿಭಾಷೆ ಮತ್ತು ಬೀದರ್ ಸೀಮೆಯ ಆಡಳಿತ ಕನ್ನಡ

ಕನ್ನಡದಲ್ಲಿ ಗಣಕ ಪರಿಭಾಷೆಯ ಚರ್ಚೆ ಬಹುಮಟ್ಟಿಗೆ ಕೀಲಿಮಣೆ, ಅಕ್ಷರವಿನ್ಯಾಸ ಹಾಗೂ ಪರದೆಯ ಮೇಲೆ ಕಾಣುವ ಆದೇಶಗಳ ಸುತ್ತ ನಡೆದಿದೆ. ತಂತ್ರಾಂಶ, ದತ್ತಾಂಶ, ಜಾಲತಾಣ ಮೊದಲಾದ ಪದಗಳು ಬಳಕೆಯಲ್ಲಿ ನೆಲೆನಿಂತಿವೆ. ಆದರೆ ಒಂದು ಇಲಾಖೆಯ ಗಣಕ ಮತ್ತೊಂದು ಇಲಾಖೆಯ ಗಣಕದೊಡನೆ ನಡೆಸುವ ವ್ಯವಹಾರ, ಅಂದರೆ ಜಾಲಸೇವೆ, ಈ ಚರ್ಚೆಯ ಹೊರಗೇ ಉಳಿದಿದೆ. ಪರದೆಯ ಹಿಂದಿನ ಈ ವ್ಯವಹಾರದ ಫಲವನ್ನು ಉಣ್ಣುವವರು ಮಾತ್ರ ಪರದೆಯ ಮುಂದೆ ನಿಂತವರು.

ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಖಟಕ ಚಿಂಚೋಳಿಯ ಒಬ್ಬ ವಿದ್ಯಾರ್ಥಿನಿಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಆಕೆ ವಿದ್ಯಾರ್ಥಿವೇತನದ ರಾಜ್ಯ ಪೋರ್ಟಲಿನಲ್ಲಿ ತನ್ನ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ತುಂಬುತ್ತಾಳೆ. ಪೋರ್ಟಲ್ ಆ ಸಂಖ್ಯೆಯನ್ನು ನಾಡಕಚೇರಿಯ ದತ್ತಸಂಚಯಕ್ಕೆ ಕಳುಹಿಸಿ ವಿವರ ಕೇಳುತ್ತದೆ. ಅಲ್ಲಿಂದ ವಿವರ ಮರಳುತ್ತದೆ. ಕೇಳಿದ್ದು ರಿಕ್ವೆಸ್ಟ್, ಮರಳಿದ್ದು ರೆಸ್ಪಾನ್ಸ್. ಇವಕ್ಕೆ ವಿನಂತಿ, ಪ್ರತಿಕ್ರಿಯೆ ಎಂಬ ಅನುವಾದಗಳು ರೂಢಿಯಲ್ಲಿವೆ. ಪ್ರತಿಕ್ರಿಯೆ ಎಂಬುದು ಮನಸ್ಸಿಗೆ ತೋಚಿದಂತೆ ಬರಬಹುದಾದದ್ದು. ಯಂತ್ರದಿಂದ ಬರಬೇಕಾದದ್ದು ಜವಾಬು.

ಜವಾಬು ಎಂಬ ಪದ ಈ ಸೀಮೆಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಜಿಲ್ಲೆಯ ಕಚೇರಿ ವ್ಯವಹಾರಕ್ಕೆ ಮೊದಲು ಪಾರಸಿ, ಅನಂತರ ಉರ್ದು ಆಧಾರವಾಗಿದ್ದವು. ಅರ್ಜಿ, ಜವಾಬು, ಕರಾರು, ತಕರಾರು, ಮಂಜೂರು, ಪಹಣಿ ಮೊದಲಾದ ಪದಗಳು ಕನ್ನಡದ ಒಡಲಿಗೆ ಸೇರಿ, ಓದುಬರಹ ಬಾರದವರ ನಾಲಗೆಯ ಮೇಲೂ ನಿಖರವಾದ ಅರ್ಥದಲ್ಲಿ ನಿಂತಿವೆ. ಜವಾಬು ಕೊಡಬೇಕಾದವನೇ ಜವಾಬ್ದಾರ ಎಂಬ ಸಂಬಂಧವೂ ಪದದೊಳಗೇ ಇದೆ. ಪ್ರತಿಕ್ರಿಯೆಗೆ ಈ ಸೌಲಭ್ಯವಿಲ್ಲ.

ಸೇವೆ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ ಎಂಬುದನ್ನು ಮೊದಲೇ ಗೊತ್ತುಪಡಿಸುವ ವಿವರಣೆಗಾಗಿ ಡಬ್ಲ್ಯುಎಸ್‌ಡಿಎಲ್ ಎಂಬ ಭಾಷೆಯಿದೆ. ತಜ್ಞರು ಅದನ್ನು ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ಕರಾರು ಎಂದರೆ ಸಾಕು. ಸೋಪ್ ಎಂಬ ಸಂದೇಶ ವಿಧಾನದಲ್ಲಿ ಸಂದೇಶವನ್ನು ಸುತ್ತುವ ಹೊದಿಕೆಗೆ ಲಕೋಟೆ ಎಂಬುದು ಸಿದ್ಧಪದ. ಎಂಡ್‌ಪಾಯಿಂಟ್ ಎಂಬುದನ್ನು ಅಂತ್ಯಬಿಂದು ಎಂದು ಅನುವಾದಿಸುವುದು ದಾರಿ ತಪ್ಪಿಸುತ್ತದೆ. ಅಲ್ಲಿ ಮುಗಿಯುವುದು ಏನೂ ಇಲ್ಲ. ಅದು ಸೇವೆಯ ವಿಳಾಸ.

ಅಥೆಂಟಿಕೇಷನ್ ಮತ್ತು ಆಥರೈಸೇಷನ್ ಎಂಬ ಜೋಡಿಯೇ ಹೆಚ್ಚು ತೊಡಕಿನದು. ಮೊದಲನೆಯದು 'ನೀನು ಯಾರು' ಎಂಬ ಪ್ರಶ್ನೆ, ಎರಡನೆಯದು 'ನಿನಗೆ ಹಕ್ಕಿದೆಯೆ' ಎಂಬುದು. ಎರಡಕ್ಕೂ ದೃಢೀಕರಣ ಎಂದು ಬರೆಯುವುದುಂಟು. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲೇ ಸಿಬ್ಬಂದಿ ಬೆರಳಚ್ಚಿನ ಮೂಲಕ ಗಣಕವನ್ನು ಪ್ರವೇಶಿಸುವ ಕ್ರಮವಿತ್ತು. ಬೆರಳಚ್ಚು ಗುರುತನ್ನು ಮಾತ್ರ ಸಾಧಿಸುತ್ತದೆ. ಹಕ್ಕು ಬದಲಾವಣೆಯನ್ನು ಮಂಜೂರು ಮಾಡುವ ಅಧಿಕಾರ ಬೇರೆ ಮಾತು. ಒಬ್ಬರ ಪರವಾಗಿ ಇನ್ನೊಬ್ಬರಿಗೆ ನಡೆಯುವ ಹಕ್ಕನ್ನು ಮುಖ್ತಿಯಾರ ಪತ್ರ ಕೊಡುತ್ತದೆ ಎಂಬುದನ್ನು ಜಮೀನಿನ ವ್ಯವಹಾರ ಮಾಡಿದವರೆಲ್ಲ ಬಲ್ಲರು. ಆದುದರಿಂದ ಗುರುತು ಪರೀಕ್ಷೆ, ಮುಖ್ತಿಯಾರಿ ಎಂಬ ವಿಭಜನೆ ಇಲ್ಲಿ ಸಹಜವೆನಿಸುತ್ತದೆ. ಇಂಗ್ಲಿಷ್ ಕೂಡ ಈ ವಿಷಯದಲ್ಲಿ ಶುದ್ಧವಾಗಿಲ್ಲ: 401 ಎಂಬ ಸ್ಥಿತಿಸಂಖ್ಯೆಯ ಹೆಸರು ಅನ್‌ಆಥರೈಸ್ಡ್, ಸೂಚಿಸುವುದು ಮಾತ್ರ ಗುರುತು ಸಾಧಿತವಾಗಿಲ್ಲ ಎಂಬುದನ್ನು. ಗುರುತು ಸಿಕ್ಕಿಯೂ ಹಕ್ಕಿಲ್ಲದಿದ್ದರೆ 403. ಸೇವೆಯೇ ತಾತ್ಕಾಲಿಕವಾಗಿ ನಿಂತಿದ್ದರೆ 503. ನಡುವಿನ ಗಣಕಕ್ಕೆ ಹೊತ್ತಿಗೆ ಸರಿಯಾಗಿ ಜವಾಬು ಬಾರದಿದ್ದರೆ 504.

ಕಿಟಕಿಯ ಬಳಿ ಈ ನಾಲ್ಕೂ 'ಸರ್ವರ್ ಇಲ್ಲ' ಎಂಬ ಒಂದೇ ವಾಕ್ಯವಾಗುತ್ತವೆ. 503 ಆದರೆ ಕಾಯಬೇಕು, 403 ಆದರೆ ಮೇಲಿನವರು ಹಕ್ಕು ಕೊಡಬೇಕು. ಸಾಲಿನಲ್ಲಿ ನಿಂತವರಿಗೆ ನಾಳೆ ಬರಬೇಕೋ ತಕರಾರು ಸಲ್ಲಿಸಬೇಕೋ ತಿಳಿಯದು. 2011ರ ಸಕಾಲ ಕಾಯ್ದೆ ಸೇವೆಗೆ ಗಡುವನ್ನು ವಿಧಿಸಿದೆ ನಿಜ. ಆದರೆ ಅರ್ಜಿ ದಾಖಲಾಗದೆ ಸಕಾಲದ ಸಂಖ್ಯೆ ಬಾರದು, ಸಂಖ್ಯೆಯಿಲ್ಲದೆ ಗಡುವಿನ ಎಣಿಕೆ ತೊಡಗದು.

ನಿರ್ವಹಣೆ ಎಂಬ ಪದವೂ ಇಂತಹುದೇ. ಮ್ಯಾನೇಜ್‌ಮೆಂಟ್, ಅಡ್ಮಿನಿಸ್ಟ್ರೇಷನ್, ಮೇಂಟೆನೆನ್ಸ್ ಮೂರಕ್ಕೂ ಅದೇ ನಡೆಯುತ್ತಿದೆ. 'ಸೇವೆ ನಿರ್ವಹಣೆಯಲ್ಲಿದೆ' ಎಂಬ ಪ್ರಕಟಣೆಯಿಂದ ಸೇವೆ ನಡೆಯುತ್ತಿದೆಯೋ ನಿಂತಿದೆಯೋ ಹೇಳಲಾಗದು. ಮೂರನೆಯದಕ್ಕೆ ದುರಸ್ತಿ ಎನ್ನಬಹುದು. ಪೋಡಿ ದುರಸ್ತಿಗಾಗಿ ಅಲೆದವರಿಗೆ ಅದು ಎಷ್ಟು ಕಾಲದ ಕೆಲಸವೆಂಬ ಅಂದಾಜೂ ಇರುತ್ತದೆ. ಕಾನ್ಫಿಗರೇಷನ್‌ಗೆ ಬಳಸುವ ಸಂರಚನೆ ಎಂಬುದು ಕಟ್ಟಡದ ಅರ್ಥಕ್ಕೆ ಹತ್ತಿರ. ಮಾಡುವ ಕೆಲಸ ಕಟ್ಟುವುದಲ್ಲ, ಇರುವುದನ್ನು ಸ್ಥಳಕ್ಕೆ ತಕ್ಕಂತೆ ಹೊಂದಿಸುವುದು, ಹೊಂದಿಕೆ ಸಾಕು.

ಇಂತಹ ಪದಗಳು ಮೈಸೂರು ಸೀಮೆಗೆ ಅಪರಿಚಿತವಾಗಬಹುದೆಂಬ ಆಕ್ಷೇಪಣೆ ನಿರೀಕ್ಷಿತ. ಮುಖ್ತಿಯಾರಿಯ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಕರಾರು, ಲಕೋಟೆ, ದುರಸ್ತಿಗಳು ರಾಜ್ಯದಾದ್ಯಂತ ಬಳಕೆಯಲ್ಲಿವೆ. ನೇಮ್‌ಸ್ಪೇಸ್ ಎಂಬ ಪರಿಕಲ್ಪನೆಗಂತೂ ಊರ ಹೆಸರೇ ಪಾಠವಾಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಚಿಂಚೋಳಿ ಎಂಬ ತಾಲ್ಲೂಕು ಕೇಂದ್ರವಿದೆ. ಭಾಲ್ಕಿಯ ಚಿಂಚೋಳಿಯನ್ನು ಅದರಿಂದ ಬೇರ್ಪಡಿಸುವುದು 'ಖಟಕ' ಎಂಬ ಪೂರ್ವಪದ. ಒಂದೇ ಹೆಸರಿನ ಎರಡು ವಸ್ತುಗಳ ಗುರುತು ಕಲೆಯದಂತೆ ಎಕ್ಸ್‌ಎಂಎಲ್ ಸಂದೇಶದಲ್ಲಿ ಹೆಸರಿನ ಮುಂದೆ ಇಡುವ ಪೂರ್ವಪದದ ಕೆಲಸವೂ ಇದೇ. ಅದಕ್ಕೆ ಹೆಸರ ಸೀಮೆ ಎಂದು ಕರೆದರೆ ಬೀದರಿನಲ್ಲಿಯೂ ಮೈಸೂರಿನಲ್ಲಿಯೂ ಅರ್ಥವಾಗುತ್ತದೆ.